ಒಂದು ಸೌಟಿನ ಹೋಟೆಲು

ಹೋದ ತಿಂಗಳು ಬೆಳಗಾವಿಗೆ ಹೋದಾಗ ನನ್ನ ತಮ್ಮನ ಮಗ ನಮ್ಮನ್ನೆಲ್ಲ ಒಂದು ಥಾಯ್ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದ. ಥಾಯ್ ಅಂದರೆ ಯಾವ ಊರ ಕಡೆ ಬರುತ್ತದೆ ಎಂದು ನನ್ನ ಹೆಂಡತಿ ಕಿವಿಯಲ್ಲಿ ಕೇಳಿದಳು. ಮೂವತ್ತು ವರ್ಷ ಗೋಡೆಯ ನಕ್ಷೆಗೆ ಕೋಲು ಹಚ್ಚಿ ಭೂಗೋಳ ಕಲಿಸಿದವನು ನಾನು. ಆದರೆ ಆ ಹೊತ್ತಿಗೆ ಹಸಿವೆಯಾಗಿತ್ತು, ಮೊಣಕಾಲು ನೋಯುತ್ತಿತ್ತು. ಬ್ರಹ್ಮದೇಶ ದಾಟಿದ ಮೇಲೆ ಸಿಗುತ್ತದೆ ಎಂದಷ್ಟೇ ಹೇಳಿ ಸುಮ್ಮನಾದೆ. ತಂದಿಟ್ಟದ್ದು ತೆಂಗಿನಹಾಲಿನಲ್ಲಿ ಕುದಿಸಿದ ಹಸಿರು ಬಣ್ಣದ ಸಾರು, ಬಟ್ಟಲನ್ನು ಬೋರಲು ಹಾಕಿ ತೆಗೆದ ಒಂದು ಗುಡ್ಡೆ ಅನ್ನ. ತಮ್ಮನ ಮಗನಿಗೆ ಅದು ಅಮೃತ. ಅವನ ಹೆಂಡತಿಗೆ ಖಾರ ಸಾಲದು. ನನ್ನ ಹೆಂಡತಿ ಒಂದು ಬದನೆಕಾಯಿ ಹೋಳನ್ನು ಚಮಚದಲ್ಲಿ ಎತ್ತಿ ಹಿಡಿದು, "ಪಾಪ, ಇದಕ್ಕ ಹಾಲಿನ್ಯಾಗ ಜಳಕಾ ಮಾಡಿಸ್ಯಾರ, ಒಗ್ಗರಣಿ ಕೊಡೂದು ಮರತಾರ" ಎಂದಳು. ನನಗೆ ರುಚಿಯೇನೋ ಹಿಡಿಸಿತು. ಆದರೆ ಅನ್ನದ ಗುಡ್ಡೆ ಕರಗಿದ ಮೇಲೆ ಇನ್ನಷ್ಟು ಹಾಕಲೇ ಎಂದು ಯಾರೂ ಬಂದು ಕೇಳಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಹುಡುಗನ ಮೊಬೈಲು ಕೇಳಿತು: ಊಟ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ? ಅವನು ಅದನ್ನು ನನ್ನ ಕೈಗೆ ಕೊಟ್ಟು, "ದೊಡ್ಡಪ್ಪಾ, ಈ ಸಲ ನೀವ ಕೊಡ್ರಿ" ಎಂದ. ಕೆಳಗೆ ಬೇರೆಯವರು ಬರೆದದ್ದೂ ಇತ್ತು. ಒಬ್ಬ ಸ್ವರ್ಗ ಎಂದಿದ್ದ. ಇನ್ನೊಬ್ಬ ಆ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದಿದ್ದ. ಮತ್ತೊಬ್ಬ, ಅನ್ನ ಬೆಕ್ಕಿಗೆ ಹಾಕುವಷ್ಟು ಹಾಕುತ್ತಾರೆ ಎಂದು ಬರೆದಿದ್ದ. ಆ ಕೊನೆಯ ಸಾಲನ್ನು ಎರಡು ಸಲ ಓದಿದೆ. ಆಮೇಲೆ, ಕನ್ನಡಕ ಇಲ್ಲ, ಏನೂ ಕಾಣುವುದಿಲ್ಲ ಎಂದು ಮೊಬೈಲನ್ನು ವಾಪಸು ಕೊಟ್ಟೆ. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಅಭಿಪ್ರಾಯ ಹೇಳುವುದೆಂದರೆ ನನಗೀಗ ದಣಿವು. ಯಾರ ಮದುವೆಯ ಊಟಕ್ಕೆ ಹೋಗಲಿ, ಯಾರ ಹೊಸ ಮನೆ ನೋಡಲಿ, ಹೇಗಿದೆ ಎಂದು ಕೇಳುವ ಮೊದಲೇ ಛಲೋ ಐತಿ ಎಂದುಬಿಡುತ್ತೇನೆ. ವಯಸ್ಸಾಯಿತು, ಮೆತ್ತಗಾಗಿದ್ದಾನೆ ಎಂದು ಮನೆಯವರು ತಿಳಿದುಕೊಂಡಿದ್ದಾರೆ. ಹಾಗೆಯೇ ತಿಳಿಯಲಿ. ನಿಜವಾದ ಕಾರಣ ಬೇರೆ ಇದೆ. ಬಹಳ ಹಿಂದೆ, ಬೈಲಹೊಂಗಲದಲ್ಲಿದ್ದಾಗ, ಒಂದು ಹೋಟೆಲಿನ ಬಗ್ಗೆ ನಾನೊಂದು ಅಭಿಪ್ರಾಯ ಹೇಳಿದ್ದೆ. ಅದನ್ನು ಯಾರೂ ಕೇಳಿರಲಿಲ್ಲ, ನಾನೇ ಹೇಳಿದ್ದು.

ಅದಕ್ಕೂ ಮೊದಲು ನಮ್ಮ ಅವ್ವನ ಪಾಠವನ್ನು ನಿಮಗೆ ಹೇಳಬೇಕು. ನಮ್ಮ ಊರು ರಾಮದುರ್ಗ ತಾಲೂಕಿನ ಕಟಕೋಳದ ಹತ್ತಿರ. ಬೇರೆಯವರ ಮನೆಗೆ ಊಟಕ್ಕೆ ಹೋಗುವ ದಿನ ಅವ್ವ ನನ್ನ ತಲೆಗೆ ಎಣ್ಣೆ ತಟ್ಟುತ್ತ, ಬಾಚಣಿಕೆ ಎಳೆಯುತ್ತ ಬಾಯಿಪಾಠ ಮಾಡಿಸುತ್ತಿದ್ದಳು. "ಮೊದಲನೇ ಸಲ ನೀಡಾಕ ಬಂದಾಗ ಬ್ಯಾಡ ಅನ್ನು. ಎರಡನೇ ಸಲ ಸಾಕ ಅನ್ನು. ಮೂರನೇ ಸಲ ತಾಟಿಗೆ ಕೈ ಅಡ್ಡ ಹಿಡಿ. ಆಮ್ಯಾಲ ಅವರು ಹಾಕಿದ್ದನ್ನ ಉಣ್ಣು." ಮಗ್ಗಿ ತಪ್ಪಿದರೂ ನಡೆಯುತ್ತಿತ್ತು, ಇದು ತಪ್ಪುವಂತಿರಲಿಲ್ಲ. ಕರೆದ ಕೂಡಲೇ ಕೈ ಚಾಚುವವನು ಹೊಟ್ಟೆಬಾಕ. ಮೂರು ಸಲ ಬೇಡ ಅಂದವನು ಮನೆತನಸ್ಥರ ಮಗ. ಹಾಗೆಯೇ ನೀಡುವವರಿಗೂ ಅವರ ಪಾಲಿನ ಕೆಲಸವಿತ್ತು. ಬೇಡ ಅಂದವನ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಅಡ್ಡ ಹಿಡಿದ ಕೈಯ ಸಂದಿಯಲ್ಲಿ ಹೋಳಿಗೆ ಜಾರಿಸುವುದೇ ಉಪಚಾರ. ಇಬ್ಬರೂ ತಮ್ಮ ತಮ್ಮ ಪಾತ್ರ ಮಾಡಿದರೆ ಎಲ್ಲರಿಗೂ ಹೊಟ್ಟೆ ತುಂಬುತ್ತಿತ್ತು, ಯಾರ ಮಾನವೂ ಹೋಗುತ್ತಿರಲಿಲ್ಲ.

ಒಂದು ಸಲ ಮಾತ್ರ ಎಡವಟ್ಟಾಯಿತು. ನನಗೆ ಎಂಟು ವರ್ಷವಿರಬೇಕು. ಸಿರಸಂಗಿಯ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಗೆ ಹೋಗಿದ್ದೆವು. ಚಿಗವ್ವ ಹೋಳಿಗೆಯ ಬುಟ್ಟಿ ಹಿಡಿದು ನನ್ನ ಮುಂದೆ ಬರುವುದಕ್ಕೂ, ಹಿತ್ತಲಿನಲ್ಲಿ ಎಮ್ಮೆ ಹಗ್ಗ ಹರಿದುಕೊಳ್ಳುವುದಕ್ಕೂ ಸರಿಹೋಯಿತು. ನಾನು ಪಾಠದ ಪ್ರಕಾರ ಬ್ಯಾಡ ಎಂದೆ. "ಹೌದಾ? ಇರಲಿ ಬಿಡು, ಬಿಸಲಾಗ ಬಂದೀ" ಎಂದು ಚಿಗವ್ವ ಬುಟ್ಟಿ ಕೆಳಗಿಟ್ಟು ಎಮ್ಮೆಯ ಹಿಂದೆ ಓಡಿದಳು. ಬುಟ್ಟಿ ನನ್ನಿಂದ ಒಂದು ಮಾರು ದೂರದಲ್ಲಿತ್ತು, ಹೋಳಿಗೆಯ ಮೇಲೆ ತುಪ್ಪ ಹೊಳೆಯುತ್ತಿತ್ತು. ನಾನು ಕೈ ತೊಳೆದುಕೊಂಡೆ. ಚಕ್ಕಡಿಯಲ್ಲಿ ತಿರುಗಿ ಬರುವಾಗ ದಾರಿಯುದ್ದಕ್ಕೂ ಅತ್ತೆ. ಅವ್ವ ಕಾರಣ ಕೇಳಿ ತಿಳಿದುಕೊಂಡು, ನನ್ನನ್ನು ತೊಡೆಗೆ ಒರಗಿಸಿಕೊಂಡು, "ನಿನ್ನದೇನ ತಪ್ಪಿಲ್ಲ ಬಿಡು, ಆಕಿಗೆ ನೀಡೂದು ತಿಳಿಯಂಗಿಲ್ಲ" ಎಂದಳು. ನಮ್ಮ ಕಡೆ ನ್ಯಾಯ ಯಾವಾಗಲೂ ಹೀಗೇ. ಉಣ್ಣುವವನು ಹಸಿದು ಎದ್ದರೆ ತಪ್ಪು ನೀಡಿದವರದು.

ಬೈಲಹೊಂಗಲದ ಹೈಸ್ಕೂಲಿಗೆ ಮಾಸ್ತರನಾಗಿ ಹೋದದ್ದು ಎಪ್ಪತ್ತರ ದಶಕದಲ್ಲಿ, ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಹೊಸದರಲ್ಲಿ. ಮದುವೆಯಾಗಿರಲಿಲ್ಲ. ಹತ್ತಿ ಬಿಡಿಸುವ ಜಿನ್ನಿನ ಹಿಂದೆ ಒಂದು ಕೋಣೆ ಹಿಡಿದಿದ್ದೆ. ಸುಗ್ಗಿಯ ಕಾಲದಲ್ಲಿ ಒಣಹಾಕಿದ ಅಂಗಿಯ ಮೇಲೆ ಅರಳೆ ಕೂತು, ನಾನು ಶಾಲೆಗೆ ಹೋದರೆ ಹುಡುಗರು ಮುಸಿಮುಸಿ ನಗುತ್ತಿದ್ದರು. ಊಟ ಗಂಗವ್ವನ ಖಾನಾವಳಿಯಲ್ಲಿ. ಗಂಗವ್ವ ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಸಾಲಿನ ನಡುವೆ ಓಡಾಡುವ ಗಟ್ಟಿ ಹೆಂಗಸು. ಒಲ್ಲೆ ಅಂದರೆ, "ಯಾಕ್ರಿ ಮಾಸ್ತರ, ನಮ್ಮ ರೊಟ್ಟಿ ಮ್ಯಾಲ ಸಿಟ್ಟೇನು?" ಎನ್ನುವಳು. ಕೈ ಅಡ್ಡ ಹಿಡಿದರೆ ನಾಲ್ಕು ಮಾರು ದೂರದಿಂದ ರೊಟ್ಟಿ ತೂರುವಳು. ಅದು ಬೆರಳು ತಾಗದಂತೆ ತಾಟಿನ ಅಂಚಿಗೆ ಬಂದು ಬೀಳುತ್ತಿತ್ತು. ಹಾಕಿದರೆ ಎದ್ದು ಹೋಗುತ್ತೇನೆ ಎಂದು ಒಬ್ಬ ಹೆದರಿಸಿದಾಗ, "ಏಳ್ರಿ, ಯಾರ ಬ್ಯಾಡಂದ್ರು? ಇದನ್ನ ಉಂಡ ಏಳ್ರಿ" ಎಂದು ಎರಡು ಹಾಕಿದ್ದಳು. ಗುರೆಳ್ಳು ಚಟ್ನಿ, ಬದನೆಕಾಯಿ, ಮೊಸರು, ಹಸಿ ಉಳ್ಳಾಗಡ್ಡಿ. ಊಟ ಮುಗಿಯುವಷ್ಟರಲ್ಲಿ ಧೋತರದ ಗಂಟು ಸಡಿಲಿಸಬೇಕಾಗುತ್ತಿತ್ತು.

ಅಂಥ ಊರಿಗೆ ಭಟ್ಟರು ಬಂದರು. ಕುಂದಾಪುರದ ಕಡೆಯವರು. ಹದಿನೈದು ವರ್ಷ ಗದಗದಲ್ಲಿ ಬೇರೆಯವರ ಹೋಟೆಲಿನ ಒಳಗೆ ಒಲೆಯ ಮುಂದೆ ನಿಂತಿದ್ದವರು, ಒಮ್ಮೆ ಧೈರ್ಯ ಮಾಡಿ ನರಗುಂದದಲ್ಲಿ ಸ್ವಂತದ್ದೊಂದು ತೆರೆದು, ವರ್ಷದೊಳಗೆ ಮುಚ್ಚಿ, ಈಗ ಇಲ್ಲಿಗೆ ಬಂದಿದ್ದರು. ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮನೆಯ ಮುಂಭಾಗ, ಮೂರು ಕಲ್ಲಿನ ಮೇಜು, ಗೋಡೆಗೆ ಒಂದು ದೇವರ ಕ್ಯಾಲೆಂಡರು. ಒಳಗೆ ಅಡುಗೆಗೆ ಹೆಂಡತಿ ಸುಮತಿಯಮ್ಮ ನೆರವಾಗುತ್ತಿದ್ದರು. ಹೊರಗೆ ಬಡಿಸುವುದು ಭಟ್ಟರೇ. ಆಳು ಇಟ್ಟುಕೊಂಡಿರಲಿಲ್ಲ. ಬಡಿಸುವ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಬಾರದು ಎಂಬುದು ಅವರ ನೇಮ.

ಮೊದಲ ದಿನವೇ ಹೋದೆ. ಹೊಸ ಹೋಟೆಲಿಗೆ ಮೊದಲ ದಿನ ಹೋಗಿ ಮರುದಿನ ಅದರ ವರದಿ ಒಪ್ಪಿಸುವುದು ಆಗ ನನ್ನ ದೊಡ್ಡ ಚಟ. ತಾಟಿನ ನಡುವೆ ಬಿಸಿ ಅನ್ನ, ಮೇಲೆ ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿ, ಬದಿಗೆ ಕಾಯಿತುರಿ ಉದುರಿಸಿದ ಬೀನ್ಸ್ ಪಲ್ಯ. ಹುಳಿಯಲ್ಲಿ ಬೆಲ್ಲವಿತ್ತು. ಮೊದಲ ತುತ್ತಿಗೆ ನಾಲಿಗೆ ಗಾಬರಿಯಾಯಿತು, ಮೂರನೆಯ ತುತ್ತಿಗೆ ಒಪ್ಪಿಕೊಂಡಿತು, ಐದನೆಯದಕ್ಕೆ ಇನ್ನಷ್ಟು ಬೇಕು ಎಂದಿತು. ಆಗ ಭಟ್ಟರು ಅನ್ನದ ಪಾತ್ರೆ ಹಿಡಿದು ಬಂದರು.

"ಅನ್ನ ಹಾಕ್ಲಾ ಮಾಷ್ಟ್ರೆ?"

"ಬ್ಯಾಡ್ರಿ" ಎಂದೆ.

ಭಟ್ಟರು ತಲೆಯಾಡಿಸಿ ಮುಂದೆ ಹೋದರು. ನಾನು ಇನ್ನೂ ಮೊದಲನೆಯ ಮೆಟ್ಟಿಲಿನಲ್ಲಿದ್ದೆ. ಹುಳಿ ಹಿಡಿದು ಬಂದಾಗ ಸಾಕ್ರಿ ಎಂದೆ. ಅದಕ್ಕೂ ತಲೆಯಾಡಿಸಿದರು. ಮಜ್ಜಿಗೆ ಬಂದಾಗ ವಾಡಿಕೆಯಂತೆ ಎರಡೂ ಕೈ ಅಡ್ಡ ಹಿಡಿದು ತಾಟಿನ ಮೇಲೆ ಬಾಗಿದೆ. ಇನ್ನು ಸುರಿಯುತ್ತಾರೆ, ಬೆರಳಿನ ಮೇಲೆ ನಾಲ್ಕು ಹನಿ ಬೀಳುತ್ತದೆ ಎಂದು ಕಾಯುತ್ತಿದ್ದರೆ, ಭಟ್ಟರು ಪಾತ್ರೆಯನ್ನು ಗೌರವದಿಂದ ಹಿಂದಕ್ಕೆ ತೆಗೆದುಕೊಂಡು, "ಹಾಂ, ಸಾವಕಾಶ ಏಳಿ" ಎಂದರು. ಬಾಗಿದವನು ಬಾಗಿಯೇ ಇದ್ದೆ. ತಾಟು ತೊಳೆದಿಟ್ಟಷ್ಟು ಸ್ವಚ್ಛವಿತ್ತು.

ಅಲ್ಲಿಂದ ನೇರವಾಗಿ ಗಂಗವ್ವನಲ್ಲಿಗೆ ಹೋಗಿ ಎರಡು ರೊಟ್ಟಿ ಉಂಡೆ. ಆಕೆ ನನ್ನನ್ನು ಮೇಲೆ ಕೆಳಗೆ ನೋಡಿ, "ಬಾಯಾಗ ಕೊಬ್ಬರಿ ವಾಸನಿ ಬರಾಕತ್ತೈತಿ, ಉಣ್ಣೂದು ನೋಡಿದ್ರ ಉಪಾಸ ಇದ್ದಾರಂಗ ಉಣ್ಣಾಕತ್ತೀರಿ. ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದಳು. ನಾನು ಚಟ್ನಿಗೆ ರೊಟ್ಟಿ ಹಚ್ಚಿದೆ.

ಏನಾಯಿತು ಎಂಬುದು ನನಗೆ ಆವತ್ತೇ ತಿಳಿದಿತ್ತು, ಇದನ್ನು ನೀವು ನೆನಪಿಟ್ಟುಕೊಳ್ಳಿ. ಆ ಮನುಷ್ಯ ಜಿಪುಣನಲ್ಲ. ಹಿಂದೆ ಅಡುಗೆಮನೆಯಲ್ಲಿ ಅನ್ನದ ತಪೇಲಿ ತುಂಬಿ ಕೂತಿದ್ದನ್ನು ಕಣ್ಣಾರೆ ಕಂಡಿದ್ದೆ. ಅವರ ಕಡೆ ಬೇಡ ಅಂದರೆ ಬೇಡ, ಸಾಕು ಅಂದರೆ ಸಾಕು. ಅವರು ನಮ್ಮ ಮಾತನ್ನು ನಂಬುತ್ತಿದ್ದರು, ಅಷ್ಟೇ. ಇಷ್ಟು ವರ್ಷ ಗದಗದಲ್ಲಿದ್ದರೂ ಒಲೆಯ ಮುಂದೆ ನಿಂತವರಿಗೆ ಹೊರಗೆ ತಾಟಿನ ಮೇಲೆ ನಡೆಯುವ ಈ ಜಗ್ಗಾಟ ಕಂಡಿರಲಿಲ್ಲ.

ಊರವರ ಅನುಭವ ಒಬ್ಬೊಬ್ಬರದು ಒಂದೊಂದು. ನಮ್ಮ ಶಾಲೆಯ ಡ್ರಿಲ್ ಮಾಸ್ತರ ಬಸಲಿಂಗಪ್ಪ ಚಿಕ್ಕಂದಿನಿಂದ ಬೋರ್ಡಿಂಗಿನಲ್ಲಿ ಬೆಳೆದವನು. ಅಲ್ಲಿ ಬೇಡ ಅಂದವನು ಉಪವಾಸ. ಅವನು ಎಲ್ಲದಕ್ಕೂ "ಹಾಕ್ರಿ" ಎನ್ನುತ್ತಿದ್ದ. ಭಟ್ಟರು ಸಂತೋಷದಿಂದ ಹಾಕುತ್ತಿದ್ದರು. ಇಂಥ ಧಾರಾಳ ಮನುಷ್ಯ ಬೆಳಗಾವಿ ಜಿಲ್ಲೆಯಲ್ಲೇ ಇಲ್ಲ ಎಂದು ಅವನು ಆಣೆ ಮಾಡಿ ಹೇಳುತ್ತಿದ್ದ. ಪೇಟೆಯ ಈರಪ್ಪಜ್ಜನಿಗೆ ಹಲ್ಲು ಒಂದೂ ಇರಲಿಲ್ಲ. ಜೋಳದ ರೊಟ್ಟಿಯನ್ನು ನೆನೆಸಿ ನೆನೆಸಿ ಸಾಕಾಗಿದ್ದ ಅಜ್ಜನಿಗೆ ಮೆತ್ತನೆಯ ಅನ್ನ, ತಿಳಿಸಾರು ಸಿಕ್ಕಿದ್ದೇ ದೊಡ್ಡದಾಯಿತು. ಅವನಿಗೆ ಒಂದು ತಾಟಿಗಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ. ಆದರೆ ಕೋರ್ಟಿನ ಕೆಲಸಕ್ಕೆ ಬಂದ ಹಳ್ಳಿಯ ಗೌಡರೊಬ್ಬರು ಇಬ್ಬರನ್ನು ಕರೆದುಕೊಂಡು ಉಣ್ಣಲು ಕೂತು, ಒಂದೇ ಸಲ ಬ್ಯಾಡ ಎಂದು, ಅರ್ಧ ಹೊಟ್ಟೆಯಲ್ಲಿ ಎದ್ದು ಬಂದರು. ಚಹಾದಂಗಡಿಯಲ್ಲಿ ಕೂತು, "ಉಪಚಾರ ಗೊತ್ತಿಲ್ಲದಾಂವ ಖಾನಾವಳಿ ಯಾಕ ತೆಗೀಬೇಕು?" ಎಂದು ಹತ್ತು ಜನರಿಗೆ ಕೇಳುವಂತೆ ಹೇಳಿದರು.

ಗೌಡರು ಅಷ್ಟಾದರೂ ಬಾಯಿ ಬಿಟ್ಟರು. ಉಳಿದವರು ನಿಜವಾದ ದೂರನ್ನು ಹೇಳುವುದಾದರೂ ಹೇಗೆ? ನಾನು ಮರ್ಯಾದೆಗೆ ಬೇಡ ಅಂದೆ, ಆತ ನಿಜವಾಗಿ ಹಾಕಲಿಲ್ಲ ಎಂದರೆ ತನ್ನ ಹೊಟ್ಟೆಯ ಆಸೆಯನ್ನು ತಾನೇ ಬಯಲಿಗಿಟ್ಟ ಹಾಗೆ. ಅದಕ್ಕೆ ಎಲ್ಲರೂ ತೆಂಗಿನಕಾಯಿಯ ಮೇಲೆ ತಪ್ಪು ಹೊರಿಸಿದರು. ಹುಳಿ ಸಿಹಿ ಎಂದರು, ಕೊಬ್ಬರಿ ಎಣ್ಣೆಯ ವಾಸನೆ ಎಂದರು, ಅನ್ನ ಉಂಡರೆ ಹೊಲದಲ್ಲಿ ತ್ರಾಣ ನಿಲ್ಲುವುದಿಲ್ಲ ಎಂದರು. ಭಟ್ಟರ ಕಿವಿಗೆ ಬಿದ್ದದ್ದು ಇದು ಮಾತ್ರ.

ಮತ್ತು ನಾನು? ನನಗೆ ಇದೊಂದು ಮೋಜಿನ ಕಥೆಯಾಗಿ ಸಿಕ್ಕಿತು. ಶಾಲೆಯ ಮಾಸ್ತರರ ಕೋಣೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಎದ್ದು ನಿಂತು ಅಭಿನಯಿಸಿ ತೋರಿಸಿದೆ. ಹಾಜರಿ ಪುಸ್ತಕವೇ ತಾಟು, ಅದರ ಮೇಲೆ ಎರಡು ಕೈ ಅಡ್ಡ ಹಿಡಿದು ಬಾಗಿದ ನಾನು, ಡಸ್ಟರನ್ನು ಪಾತ್ರೆಯ ಹಾಗೆ ಹಿಡಿದು ಹಿಂದೆ ಸರಿಯುವ ಭಟ್ಟರೂ ನಾನೇ. "ಅದು ಒಂದ ಸೌಟಿನ ಹೋಟ್ಲರೀ" ಎಂದು ಮುಗಿಸಿದೆ. ಹೆಡ್ ಮಾಸ್ತರರು ನಗುತ್ತ ನಗುತ್ತ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡರು. ಅವರು ನಗುವುದು ಅಪರೂಪ. ನನಗೆ ಬಹುಮಾನ ಬಂದಷ್ಟು ಖುಷಿಯಾಯಿತು. ಎಂಟು ದಿನವಾಗಿರಲಿಲ್ಲ, ನಾನು ಸವದತ್ತಿಯಿಂದ ಬರುತ್ತಿದ್ದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು, "ಒಂದ ಸೌಟಿನ ಹೋಟ್ಲದ ಮುಂದ ಇಳಿಯಾವ್ರು ಇಳೀರಿ" ಎಂದು ಕೂಗಿದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆ ಹೆಸರು ಇಟ್ಟವನು ನಾನು ಎಂದು ಪಕ್ಕದಲ್ಲಿ ಕೂತವನಿಗೆ ಹೇಳಿಕೊಂಡೆ. ಇಷ್ಟು ವರ್ಷದ ಮೇಲೆ ಬರೆಯಲು ಹಿಂಜರಿಕೆ, ಆದರೆ ಹೇಳಿಕೊಂಡದ್ದು ನಿಜ.

ಇಷ್ಟಾದರೂ ಅಲ್ಲಿಗೆ ಊಟಕ್ಕೆ ಹೋಗುವುದನ್ನು ನಾನು ಬಿಡಲಿಲ್ಲ. ವಾರದಲ್ಲಿ ನಾಲ್ಕು ದಿನ ಹೋಗುತ್ತಿದ್ದೆ. ಒಂದು, ಆ ಸಾರಿನ ಪರಿಮಳ. ಇನ್ನೊಂದು, ಸಮುದ್ರ. ಸಮುದ್ರ ಎಂದರೆ ನನಗೆ ನಕ್ಷೆಯ ಮೇಲಿನ ನೀಲಿ ಬಣ್ಣ. ಉಬ್ಬರವಿಳಿತವನ್ನು ಕರಿಹಲಗೆಯ ಮೇಲೆ ಚಂದ್ರನನ್ನು ಬರೆದು ಕಲಿಸುತ್ತಿದ್ದವನು ಒಮ್ಮೆಯೂ ತೆರೆಯನ್ನು ಕಂಡವನಲ್ಲ. ಭಟ್ಟರು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಎದುರಿಗೆ ಕೂತು ಹೇಳುತ್ತಿದ್ದರು. ನೀರು ಹಿಂದೆ ಹೋದಾಗ ಮರಳಿನ ಮೇಲೆ ಏಡಿ ಗೆರೆ ಎಳೆಯುವುದು, ಮಳೆಗಾಲದಲ್ಲಿ ಮನೆಯೊಳಗೆ ಮಲಗಿದವರಿಗೂ ಅದರ ಸದ್ದು ಕೇಳುವುದು. ಅವರ ಮಾತನ್ನು ಮರುದಿನ ಎಂಟನೆಯ ತರಗತಿಯಲ್ಲಿ ನಾನೇ ಕಂಡವನ ಹಾಗೆ ಹೇಳುತ್ತಿದ್ದೆ. ಕೊನೆಗೆ ಏಳುವಾಗ ಭಟ್ಟರು ಪ್ರತಿಸಲವೂ ಕೇಳುತ್ತಿದ್ದರು.

"ಇವತ್ತು ಹೇಗಾಯ್ತು ಮಾಷ್ಟ್ರೆ? ಎಂತದಾದ್ರೂ ಕಮ್ಮಿ ಆಯ್ತಾ?"

"ಭಾಳ ಛಲೋ ಆಗಿತ್ರಿ" ಎನ್ನುತ್ತಿದ್ದೆ. ಆಮೇಲೆ ಗಂಗವ್ವನ ಎರಡು ರೊಟ್ಟಿ.

ಭಟ್ಟರು ಅಡುಗೆಯನ್ನು ತಿದ್ದಲು ಶುರುಮಾಡಿದರು. ಮೊದಲು ಬೆಲ್ಲ ಬಿಟ್ಟರು. ಗಿರಾಕಿ ಹೆಚ್ಚಲಿಲ್ಲ. ತೆಂಗಿನಕಾಯಿ ಅರ್ಧಕ್ಕೆ ಇಳಿಸಿದರು. ಆಗಲೂ ಇಲ್ಲ. ಮೆಣಸಿನಕಾಯಿ ಏರಿಸಿದರು, ಈರಪ್ಪಜ್ಜ ಒಂದು ತುತ್ತು ಬಾಯಿಗಿಟ್ಟು, "ಯಾಕ್ರಿ ಭಟ್ಟರ, ನನ್ನ ಸಾರು ಯಾಕ ಕೆಡಿಸಿದ್ರಿ?" ಎಂದು ಕಣ್ಣೊರೆಸಿಕೊಂಡು ಎದ್ದವನು ಮತ್ತೆ ಬರಲಿಲ್ಲ. ಸುಮತಿಯಮ್ಮ ಪಕ್ಕದ ಮನೆಯಲ್ಲಿ ಕೂತು ರೊಟ್ಟಿ ಬಡಿಯುವುದನ್ನು ಕಲಿತರು. ಆ ರೊಟ್ಟಿಗಳ ಅಂಚು ನನ್ನ ನಕ್ಷೆಯಲ್ಲಿರುವ ಕರಾವಳಿಯ ಹಾಗೆ ಹರಿದು ಹರಿದು ಇರುತ್ತಿತ್ತು. ಅವರ ಬೆರಳ ತುದಿಗಳಲ್ಲಿ ಬೊಬ್ಬೆ ಬಂದಿದ್ದವು. ಕೊನೆಕೊನೆಗೆ ಅದು ಅವರ ಊಟವೂ ಅಲ್ಲ, ನಮ್ಮ ಊಟವೂ ಅಲ್ಲ ಎಂಬಂತಾಯಿತು. ಬಸಲಿಂಗಪ್ಪನೂ ಗಂಗವ್ವನ ಕಡೆ ಹೊರಳಿದ. ಅಷ್ಟಾದರೂ ಬಂದ ಒಬ್ಬಿಬ್ಬರು ಬೇಡ ಅಂದ ಕೂಡಲೇ ಭಟ್ಟರು ಅದೇ ಗೌರವದಿಂದ ಹಿಂದೆ ಸರಿಯುತ್ತಿದ್ದರು. ತಿದ್ದಬೇಕಾದದ್ದು ಅದೊಂದೇ ಆಗಿತ್ತು.

ಒಂದು ರವಿವಾರ ಮಧ್ಯಾಹ್ನ ಹೋದಾಗ ಭಟ್ಟರು ಪೇಟೆಗೆ ಹೋಗಿದ್ದರು. ಸುಮತಿಯಮ್ಮ ಬಾಗಿಲ ಬಳಿ ಅಕ್ಕಿ ಆರಿಸುತ್ತ ಕೂತಿದ್ದರು. ಅವರು ಮಾತು ಕಡಿಮೆ. ಆವತ್ತು ಮೊರವನ್ನು ಪಕ್ಕಕ್ಕಿಟ್ಟರು.

"ಮಾಷ್ಟ್ರೆ, ನೀವು ಇದೇ ಸೀಮೆಯವರು. ಒಂದು ಮಾತು ಸತ್ಯ ಹೇಳಿ. ಒಮ್ಮೆ ಬಂದವರು ಮತ್ತೆ ಯಾಕೆ ಬರುದಿಲ್ಲ?"

ನಾನು ಮೇಜಿನ ಕಲ್ಲನ್ನು ನೋಡುತ್ತ ನಿಂತೆ.

"ಇವರು ತಾವು ಮಾಡಿದ್ದನ್ನು ತಾವು ಉಣ್ಣುದು ಬಿಟ್ಟಿದ್ದಾರೆ" ಎಂದರು ಅವರು. "ತನ್ನ ಕೈ ಕೆಟ್ಟಿದೆ ಅಂತ ಹೇಳ್ತಾರೆ. ಊರಿಗೆ ಊರೇ ಊಟ ಹೊಗಳ್ತಿದ್ದ ಮನುಷ್ಯ, ಈಗ ಉಪ್ಪು ಹಾಕುವಾಗ ಎರಡೆರಡು ಸಲ ನನ್ನನ್ನು ಕೇಳ್ತಾರೆ. ಇನ್ನೊಂದು ಊರಿಗೆ ಹೋಗ್ಲಿಕ್ಕೆ ನನಗೆ ತ್ರಾಣ ಇಲ್ಲ. ಹೋದ್ರೂ ಇವರು ಮತ್ತೆ ಸ್ವಂತ ಒಲೆ ಹೂಡುದಿಲ್ಲ."

ಹೇಳಬಹುದಿತ್ತು. ಅರ್ಧ ನಿಮಿಷದ ಮಾತು. ಬೇಡ ಅಂದವರಿಗೆ ಇನ್ನೆರಡು ಸಲ ಒತ್ತಾಯ ಮಾಡಿ ಹಾಕಿರಿ, ಇಷ್ಟೇ. ಆದರೆ ಅದನ್ನು ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವರು. ನೀವೂ ಹಸಿದು ಹೋಗುತ್ತಿದ್ದಿರೇ ಎನ್ನುವರು. ನನಗೆ ಒತ್ತಾಯ ಮಾಡಿ ಬಡಿಸಿರಿ ಎಂದು ಬಾಯಿ ಬಿಟ್ಟು ಕೇಳುವ ಮಾತನ್ನು ಅವ್ವ ನನಗೆ ಕಲಿಸಿರಲಿಲ್ಲ. ಊರೆಲ್ಲ ನಗುತ್ತಿದ್ದ ಆ ಹೆಸರಿನ ಮಾತೂ ಬರಬಹುದು ಎಂದು ಒಳಗೊಳಗೇ ಅಂಜಿಕೆ.

"ಹೊಸಾ ಊರ ಅಲ್ರಿ ಅಮ್ಮಾರ, ಹೊಂದಾಕ ಟೈಮ ಹಿಡಿತೈತಿ" ಎಂದೆ.

ಸುಮತಿಯಮ್ಮ ಮೊರವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಆವತ್ತು ಅಲ್ಲಿ ಉಣ್ಣಲಿಲ್ಲ.

ಹೋಳಿಹುಣ್ಣಿಮೆ ಮುಗಿದು ಬಿಸಿಲು ಏರಿದ ದಿನಗಳಲ್ಲಿ, ಭಟ್ಟರು ಊರು ಬಿಡುತ್ತಾರಂತೆ ಎಂದು ಬಸಲಿಂಗಪ್ಪ ಹೇಳಿದ. ಶಾಲೆ ಬಿಟ್ಟವನೇ ಹೋದೆ. ಕಲ್ಲಿನ ಮೇಜುಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು. ದಾಂಡೇಲಿಗೆ ಹೋಗುವುದು ಎಂದರು. ಅಲ್ಲಿ ಅವರ ಊರಿನವರೊಬ್ಬರ ಹೋಟೆಲಿನಲ್ಲಿ ಮತ್ತೆ ಅಡುಗೆಯವನ ಕೆಲಸ. ಸುಮತಿಯಮ್ಮ ತಮಗಾಗಿ ಮಾಡಿಕೊಂಡಿದ್ದ ಅನ್ನ, ಹುಳಿಯಲ್ಲಿ ಒಂದಿಷ್ಟನ್ನು ತಾಟಿಗೆ ಹಾಕಿ ನನ್ನ ಮುಂದಿಟ್ಟರು. ನೆಲದ ಮೇಲೆ ಕೂತು ಉಂಡೆ. ಬೆಲ್ಲ, ತೆಂಗಿನಕಾಯಿ ಎರಡೂ ಮೊದಲಿನ ಹಾಗೆ ಇದ್ದವು. ಅರ್ಧ ಉಂಡು ಕೈ ನಿಲ್ಲಿಸಿದೆ.

"ಭಟ್ಟರ, ಒಂದ ಮಾತ ಹೇಳೂದು ಉಳದಿತ್ತು" ಎಂದೆ.

ಎಲ್ಲ ಹೇಳಿದೆ. ಮೂರು ಸಲದ ಲೆಕ್ಕ, ಕೈ ಅಡ್ಡ ಹಿಡಿಯುವುದು, ನೀಡುವವರು ಕೇಳದೆ ಹಾಕುವುದು. ಸಿರಸಂಗಿಯ ಹೋಳಿಗೆಯ ಕಥೆಯನ್ನೂ ಹೇಳಿದೆ. ಅದಕ್ಕೆ ಎಲ್ಲರೂ ನಗುತ್ತಿದ್ದರು, ಅವರಿಬ್ಬರೂ ನಗಲಿಲ್ಲ.

ಭಟ್ಟರು ಗೋಣಿಯ ಮೇಲೆ ಕೂತಿದ್ದರು. "ಬೇಡ ಅಂದ ಮೇಲೂ ಹಾಕ್ಬೇಕಿತ್ತಾ?" ಎಂದು ಕೇಳಿದರು.

"ಹೌದ್ರಿ."

"ನಮ್ಮಲ್ಲಿ ಅದು ಉಣ್ಣುವವರಿಗೆ ಮರ್ಯಾದೆ ಕೊಡದ ಹಾಗೆ ಮಾಷ್ಟ್ರೆ. ಸಾಕು ಅಂದವರ ಎಲೆಗೆ ಬಡಿಸಿದ್ರೆ ಅವರ ಮಾತಿಗೆ ಎಂತ ಬೆಲೆ ಉಂಟು?"

ಸುಮತಿಯಮ್ಮ ಗಂಡನ ಕಡೆ ತಿರುಗಿದರು. "ಹಾಗಾದ್ರೆ ನರಗುಂದದಲ್ಲಿ ಆದದ್ದೂ ಇದೇ" ಎಂದರು. ಭಟ್ಟರು ತಲೆ ಎತ್ತಲಿಲ್ಲ. ಸುಮತಿಯಮ್ಮನೇ ಮುಂದುವರಿಸಿದರು: "ಯಾರೋ ಒಂದು ಸೌಟಿನ ಹೋಟ್ಲು ಅಂತ ಹೆಸರಿಟ್ಟಿದ್ರಂತೆ. ನನ್ನ ಕಿವಿಗೂ ಬಿತ್ತು. ನಮ್ಮ ಸೌಟು ಸಣ್ಣದಾಯ್ತೋ ಏನೋ ಅಂತ ಇವರು ಹುಬ್ಬಳ್ಳಿಗೆ ಹೋಗಿ ದೊಡ್ಡದು ತಂದ್ರು."

ನಾನು ತಾಟಿನಲ್ಲಿ ಬೆರಳಾಡಿಸುತ್ತ ಕೂತೆ. ಆ ಹೆಸರು ನನ್ನದು ಎಂದು ಆವತ್ತು ಹೇಳಲಿಲ್ಲ. ಆಮೇಲೆಯೂ ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳಿದ ಹಾಗಾಯಿತು. ನಾಚಿಕೆ ಎನ್ನುವುದು ಇಷ್ಟು ವರ್ಷ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಅಂದ್ರೆ ಅಡುಗೆ ಕೆಟ್ಟಿರ್ಲಿಲ್ಲ" ಎಂದರು ಭಟ್ಟರು. ಕೇಳಿದ್ದೋ, ತಮಗೆ ತಾವೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

"ಇಲ್ರಿ. ಎಂದೂ ಕೆಟ್ಟಿರಲಿಲ್ಲ."

ಸುಮತಿಯಮ್ಮ ನನ್ನನ್ನೇ ನೋಡುತ್ತಿದ್ದರು. ಆ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು, ಬಂತು. "ಮತ್ತೆ ನೀವು, ಮಾಷ್ಟ್ರೆ? ನೀವೂ ದಿನಾ ಬೇಡ, ಸಾಕು ಅಂತಿದ್ರಿ. ಇಷ್ಟು ತಿಂಗಳು ನೀವೂ ಅರ್ಧ ಹೊಟ್ಟೆಯಲ್ಲಿ ಎದ್ದು ಹೋಗ್ತಿದ್ರಾ?"

ಭಟ್ಟರೂ ತಲೆ ಎತ್ತಿ ನನ್ನ ಮುಖ ನೋಡಿದರು. ಊರು ಬಿಡುವುದು ಗಟ್ಟಿಯಾಗಿತ್ತು, ಒಲೆ ಆರಿತ್ತು; ಇನ್ನು ಸತ್ಯ ಹೇಳಿದರೆ ಕೆಡುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಆ ಮುಖ ನೋಡಿಕೊಂಡು ಹೇಳಲಾಗಲಿಲ್ಲ.

"ಇಲ್ರಿ" ಎಂದೆ. "ನನಗ ಸಾಕಾಗ್ತಿತ್ರಿ."

ಸುಮತಿಯಮ್ಮ ಎದ್ದು ಒಳಗೆ ಹೋದರು. ಭಟ್ಟರ ಮುಖ ಮಾತ್ರ ಸಡಿಲವಾಯಿತು. "ಪುಣ್ಯ. ನಿಮಗೊಬ್ಬರಿಗಾದ್ರೂ ಹೊಟ್ಟೆ ತುಂಬಿತಲ್ಲ" ಎಂದು ನನ್ನ ಭುಜ ಮುಟ್ಟಿ, ಗೋಣಿಯ ಬಾಯಿ ಹೊಲಿಯಲು ಕೂತರು. ಅವರು ಅದನ್ನೂ ನಂಬಿದರು.